ಆಸ್ಪತ್ರೆಯಲ್ಲಿ ಮಗಳ ಜೊತೆ ವಾರಗಟ್ಟಲೆ: ನನ್ನ ಅನುಭವ

ಮಗಳಿಗೆ ಐದು ವರ್ಷ ಇದ್ದಾಗ ಮೊಣಕಾಲಿನ ಹತ್ತಿರ ಮೂಳೆಗೆ ಸೋಂಕಾಗಿ ಪುಣೆಯ ಒಂದು ಆಸ್ಪತ್ರೆಯಲ್ಲಿ ವಾರಗಟ್ಟಲೆ ಇರಬೇಕಾಯಿತು. ಆಸ್ಟಿಯೋಮೈಲೈಟಿಸ್ ಅಂತಾರೆ. ಮಕ್ಕಳಲ್ಲಿ ಇದು ಹೆಚ್ಚಾಗಿ ರಕ್ತದ ಮೂಲಕ ಬಂದ ಬ್ಯಾಕ್ಟೀರಿಯಾದಿಂದ ಆಗುತ್ತೆ, ಅದೂ ಉದ್ದ ಮೂಳೆಗಳ ತುದಿಯಲ್ಲಿ, ಮೂಳೆ ಬೆಳೆಯುವ ಜಾಗದ ಪಕ್ಕದಲ್ಲೇ. ಶುರುವಿನ ಎಕ್ಸ್‌ರೇನಲ್ಲಿ ಏನೂ ಕಾಣದೇ ಇರಬಹುದು. ನಮಗೂ ಎಂಆರ್‌ಐ ಆದ ಮೇಲೇ ಗೊತ್ತಾಗಿದ್ದು. ಕೀವು ತೆಗೆಯೋಕೆ ಆಪರೇಷನ್, ಆಮೇಲೆ ದಿನಾ ರಕ್ತನಾಳಕ್ಕೆ ಆಂಟಿಬಯಾಟಿಕ್. ಔಷಧಿ ಡಾಕ್ಟರು ನೋಡಿಕೊಳ್ಳುತ್ತಾರೆ, ಆದರೆ ಮಗುವಿನ ಇಡೀ ದಿನ ನಮ್ಮ ಕೈಯಲ್ಲೇ ಇರುತ್ತೆ ಅಲ್ವಾ, ಅದರ ಬಗ್ಗೆ ಬರೆಯುತ್ತಿದ್ದೇನೆ.

ಮೊದಲ ದಿನವೇ ಒಂದು ಮಾತು ಗಟ್ಟಿ ಮಾಡಿಕೊಂಡೆ, ಇವಳಿಗೆ ಸುಳ್ಳು ಹೇಳಬಾರದು. "ಏನೂ ನೋವಾಗಲ್ಲ ಪುಟ್ಟಿ" ಅಂತ ಸುತ್ತ ಇರುವವರೆಲ್ಲ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ನೋವಾಯ್ತು ಅಂದ್ರೆ ಮುಂದಿನ ಸಲ ಅಮ್ಮನ ಮಾತನ್ನೂ ಮಗು ನಂಬಲ್ಲ, ಸಿಸ್ಟರ್ ಬರೀ ಜ್ವರ ನೋಡೋಕೆ ಬಂದರೂ ಕಿರುಚುತ್ತೆ. ನಾನು ಹೇಳುತ್ತಿದ್ದದ್ದು ಹೀಗೆ: "ಚುಚ್ಚಿದಾಗ ಚುರ್ ಅನ್ನುತ್ತೆ. ಆಮೇಲೆ ಕಡಿಮೆ ಆಗುತ್ತೆ. ಅಳು ಬಂದ್ರೆ ಅಳು, ಕೈ ಮಾತ್ರ ಅಲ್ಲಾಡಿಸಬೇಡ." ಇದನ್ನು ಹಿಂದಿನ ರಾತ್ರಿ ಹೇಳುತ್ತಿರಲಿಲ್ಲ, ರಾತ್ರಿಯೆಲ್ಲ ಅದನ್ನೇ ನೆನೆಸಿಕೊಂಡು ಹೆದರುತ್ತಾಳೆ. ಸ್ವಲ್ಪ ಮೊದಲು ಹೇಳಿದರೆ ಸಾಕು.

ಇಂಟ್ರಾಕ್ಯಾತ್, ಅಂದ್ರೆ ಔಷಧಿ ಕೊಡೋಕೆ ಕೈಯ ರಕ್ತನಾಳದೊಳಗೆ ಇಡುವ ಸಣ್ಣ ನಳಿಕೆ, ಅದನ್ನು ಹಾಕುವುದೇ ದೊಡ್ಡ ಕಷ್ಟ. ಕೈ ಊದಿಕೊಂಡರೆ ತೆಗೆದು ಬೇರೆ ಕಡೆ ಹಾಕಲೇಬೇಕು. ಚರ್ಮ ಮರಗಟ್ಟಿಸುವ ಕ್ರೀಮ್ ಇದೆ, ಕೇಳಿ ಹಚ್ಚಿಸಿಕೊಳ್ಳಿ. ಸುಮಾರು ಒಂದು ಗಂಟೆ ಮೊದಲೇ ಹಚ್ಚಿ ಮೇಲೆ ಪ್ಲಾಸ್ಟಿಕ್ ಅಂಟಿಸಿದರೆ ಮಾತ್ರ ಕೆಲಸ ಮಾಡುತ್ತೆ. ಎಲ್ಲರೂ ಸೇರಿ ಮಲಗಿಸಿ ಒತ್ತಿ ಹಿಡಿದರೆ ಮಗು ಇನ್ನೂ ಹೆದರುತ್ತೆ. ನಾನು ಹಾಸಿಗೆ ಮೇಲೆ ಕೂತು, ಅವಳ ಬೆನ್ನು ನನ್ನ ಎದೆಗೆ ಬರುವಂತೆ ತೊಡೆ ಮೇಲೆ ಕೂರಿಸಿಕೊಳ್ಳುತ್ತಿದ್ದೆ. ಒಂದು ಕೈ ಸಿಸ್ಟರ್‌ಗೆ, ಇನ್ನೊಂದು ಕೈಯಲ್ಲಿ ಸೋಪಿನ ಗುಳ್ಳೆ ಊದುವ ಕಡ್ಡಿ. ಸೂಜಿ ಹೋಗುವ ಹೊತ್ತಿಗೆ ಸರಿಯಾಗಿ ಉದ್ದಕ್ಕೆ ಊದಬೇಕು. ಊದುವಾಗ ಉಸಿರು ಬಿಗಿ ಹಿಡಿಯೋಕೆ ಆಗಲ್ಲ, ಮೈಯೂ ಸಡಿಲ ಆಗುತ್ತೆ. ಒಮ್ಮೆ ಗುಳ್ಳೆ ಹೋಗಿ ಸಿಸ್ಟರ್ ಕನ್ನಡಕದ ಮೇಲೆ ಕೂತಿತು, ಅಳುತ್ತಿದ್ದವಳು ಕಣ್ಣೀರಲ್ಲೇ ನಕ್ಕಳು. ದಿನಗಳು ಜಾಸ್ತಿ ಆಗುತ್ತೆ ಅಂತ ಗೊತ್ತಾದಾಗ ಪಿಕ್ ಲೈನ್ ಬಗ್ಗೆ ನಾವೇ ಡಾಕ್ಟರ್‌ನ ಕೇಳಿದೆವು. ತೋಳಿನ ರಕ್ತನಾಳದಿಂದ ಹೃದಯದ ಹತ್ತಿರದವರೆಗೆ ಹೋಗುವ ತೆಳು ನಳಿಕೆ ಅದು, ವಾರಗಟ್ಟಲೆ ಇಡಬಹುದು. ಮತ್ತೆ ಮತ್ತೆ ಚುಚ್ಚುವುದು ತಪ್ಪಿತು.

ಆಯ್ಕೆ ಇಲ್ಲದ ಕಡೆ ನಾನು ಆಯ್ಕೆ ಕೊಡಲಿಲ್ಲ. "ಔಷಧಿ ಕುಡೀತೀಯಾ?" ಅಂದ್ರೆ "ಬೇಡ" ಅಂತಾಳೆ, ಆಮೇಲೆ ಬಲವಂತ ಮಾಡಬೇಕು. "ಔಷಧಿ ಟೈಮ್ ಆಯ್ತು, ಲೋಟದಲ್ಲಾ ಸಿರಿಂಜ್‌ನಲ್ಲಾ?" ಅಂತ ಕೇಳುತ್ತಿದ್ದೆ. ಯಾವ ಫ್ರಾಕ್, ಯಾವ ಕಥೆ, ಪಟ್ಟಿ ಯಾರು ಬಿಚ್ಚಬೇಕು, ಇದೆಲ್ಲ ಅವಳದೇ ತೀರ್ಮಾನ. ಅಷ್ಟು ಸಣ್ಣ ಅಧಿಕಾರ ಕೊಟ್ಟರೂ ಹಟ ಎಷ್ಟೋ ಇಳಿಯಿತು.

ಒಂದು ರಾತ್ರಿ ಲೈಟ್ ಆರಿಸಿದ ಮೇಲೆ, "ಅಮ್ಮ, ನಾನು ಅಜ್ಜಿ ಮಾತು ಕೇಳದೆ ಓಡಿದ್ನಲ್ಲ, ಅದಕ್ಕೇ ಕಾಲು ಹಿಂಗಾಯ್ತಾ?" ಅಂದಳು. ಕರುಳು ಕಿವುಚಿದಂತಾಯಿತು. ಈ ವಯಸ್ಸಿನ ಮಕ್ಕಳು ಕಾಯಿಲೆಯನ್ನು ಶಿಕ್ಷೆ ಅಂದುಕೊಳ್ಳುವುದು ತುಂಬಾ ಸಾಮಾನ್ಯ. ಎಷ್ಟೋ ಮಕ್ಕಳು ಬಾಯಿಬಿಟ್ಟು ಕೇಳುವುದೂ ಇಲ್ಲ. ಹಾಗಾಗಿ ಅವರು ಕೇಳಲಿ ಅಂತ ಕಾಯಬೇಡಿ, ನೀವೇ ಹೇಳಿ. "ಇದು ಯಾರ ತಪ್ಪೂ ಅಲ್ಲ. ಕಣ್ಣಿಗೆ ಕಾಣದ ಹುಳ ಮೂಳೆಗೆ ಹೋಗಿದೆ, ಔಷಧಿ ಅದನ್ನ ಓಡಿಸ್ತಿದೆ" ಅಂದೆ. ಮತ್ತೆ ಎಷ್ಟೋ ಸಲ ಇದೇ ಮಾತು ಹೇಳಬೇಕಾಯಿತು. ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸವೂ ಆ ದಿನಗಳಲ್ಲಿ ವಾಪಸ್ ಬಂತು. ಬೈಯಲಿಲ್ಲ, ಸುಮ್ನೆ ಬಟ್ಟೆ ಬದಲಿಸಿದೆ.

ಪಕ್ಕದ ಹಾಸಿಗೆಗೆ ಕರ್ನಾಟಕದ ಗಡಿ ಹತ್ತಿರದ ಅಕ್ಕಲಕೋಟೆ ಕಡೆಯವರು ಬಂದರು. ನಾವು ಮಗಳ ಜೊತೆ ಕನ್ನಡ ಮಾತಾಡುವುದು ಕೇಳಿ ಆ ತಾಯಿ, "ನೀವು ನಮ್ ಕಡೆಯವ್ರೇನ್ರೀ?" ಅಂದರು. ಅವರ ಡಬ್ಬಿಯಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ನನ್ನ ತಟ್ಟೆಗೆ ಬರುತ್ತಿತ್ತು. ಅವರು ಮಗಳ ಹತ್ತಿರ ಕೂತರೆ ನಾನು ಸ್ನಾನ ಮಾಡಿ ಬರುತ್ತಿದ್ದೆ. ಇಂಥ ಸಹಾಯ ಸಿಕ್ಕರೆ ಸಂಕೋಚ ಬೇಡ. ರಾತ್ರಿ ಪಾಳಿಯನ್ನು ನಾನು, ನನ್ನ ಗಂಡ ಹಂಚಿಕೊಂಡೆವು. ನಿದ್ದೆ ಇಲ್ಲದವರು ಬೆಳಿಗ್ಗೆ ರೌಂಡ್ಸ್‌ನಲ್ಲಿ ಡಾಕ್ಟರ್ ಹೇಳಿದ್ದನ್ನು ಅರ್ಧ ಮರೆಯುತ್ತಾರೆ. ಅದಕ್ಕೇ ಒಂದು ನೋಟ್‌ಬುಕ್ ಇಟ್ಟು, ಜ್ವರ, ಡೋಸ್ ಕೊಟ್ಟ ಸಮಯ, ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ತೋರಿಸುವ ರಕ್ತ ಪರೀಕ್ಷೆ ಸಿಆರ್‌ಪಿ ಎಷ್ಟು ಬಂತು, ಏನು ಕೇಳಬೇಕು ಅಂತ ಬರೆಯುತ್ತಿದ್ದೆವು. ಸಿಆರ್‌ಪಿ ಬೇಗ ಇಳಿಯುತ್ತೆ, ಅದೇ ಥರದ ಇನ್ನೊಂದು ಪರೀಕ್ಷೆ ಇಎಸ್‌ಆರ್ ನಿಧಾನ. ಇದು ಗೊತ್ತಿದ್ದರೆ ಇಎಸ್‌ಆರ್ ರಿಪೋರ್ಟ್ ನೋಡಿ ಸುಮ್ನೆ ಗಾಬರಿ ಆಗಲ್ಲ.

ಮನೆಗೆ ಬಂದ ಮೇಲೂ ಬಾಯಿಗೆ ಕೊಡುವ ಆಂಟಿಬಯಾಟಿಕ್ ಮುಂದುವರಿಯಿತು. ಮಗು ಕುಣಿಯೋಕೆ ಶುರು ಮಾಡಿದೆ ಅಂತ ನಡುವೆ ನಿಲ್ಲಿಸಬೇಡಿ. ಶಾಲೆಗೆ ಕಳಿಸುವ ಮೊದಲು ಟೀಚರ್‌ನ ಭೇಟಿಯಾಗಿ, ಕೆಲವು ದಿನ ಓಟ, ಜಿಗಿತ ಬೇಡ, ಕುಂಟಿದರೆ ಅಥವಾ ಮೈ ಬಿಸಿ ಆದರೆ ತಕ್ಷಣ ಫೋನ್ ಮಾಡಿ ಅಂತ ಹೇಳಿಬಂದೆ. ಡಿಸ್ಚಾರ್ಜ್ ಪೇಪರಿನ ಫೋಟೋ ನನ್ನ ಫೋನಲ್ಲೂ ಇವರ ಫೋನಲ್ಲೂ ಈಗಲೂ ಇದೆ.