ತಮ್ಮ ಹೋದ ಮೇಲೆ ನಾನು ಆಪ್ತಸಮಾಲೋಚಕರನ್ನು ಹುಡುಕಿಕೊಂಡದ್ದು

ಸಾವಿನ ಮನೆಗೆ ಬಂದವರು ಮೊದಲು ಹೆಂಡತಿ ಮಕ್ಕಳನ್ನು ವಿಚಾರಿಸುತ್ತಾರೆ, ಆಮೇಲೆ ತಂದೆ ತಾಯಿಯನ್ನು. ಅದು ಸರಿಯೇ. ಆದರೆ ಮದುವೆಯಾಗಿ ಬೇರೆ ಮನೆ ಸೇರಿದ ಅಕ್ಕನ ಸರದಿ ಬರುವ ಹೊತ್ತಿಗೆ ಬಂದವರು ಎದ್ದು ಹೊರಟಿರುತ್ತಾರೆ. ‘ನೀನು ದೊಡ್ಡವಳು, ನೀನೇ ಎಲ್ಲರಿಗೂ ಧೈರ್ಯ ಹೇಳಬೇಕು’ ಎಂಬ ಮಾತಷ್ಟೇ ನನ್ನ ಪಾಲಿಗೆ ಬಂದದ್ದು.

ತಮ್ಮನಿಗೆ ಮೂವತ್ತೆಂಟು ವರ್ಷ. ತುಮಕೂರಿನಲ್ಲಿ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದ. ಹೃದಯಾಘಾತವಾಗಿ ಒಂದೇ ರಾತ್ರಿಯಲ್ಲಿ ಹೋಗಿಬಿಟ್ಟ. ಹನ್ನೊಂದನೇ ದಿನದ ಕಾರ್ಯ ಮುಗಿದು ನೆಂಟರೆಲ್ಲ ಚದುರಿದ ಮೇಲೆ ಅವನ ಮೊಬೈಲ್ ನನ್ನ ಹತ್ತಿರ ಉಳಿಯಿತು. ಬಿರುಬೇಸಿಗೆ, ತೆಂಗು ಅಡಕೆ ತೋಟಗಳಿಗೆ ನೀರು ಹಾಯಿಸಲೇಬೇಕಾದ ಕಾಲ. ಗುಬ್ಬಿ, ತುರುವೇಕೆರೆ ಕಡೆಯ ರೈತರು ಬೆಳಗಾದರೆ ಕರೆ ಮಾಡುತ್ತಿದ್ದರು: ‘ಅಣ್ಣಾ, ನಮ್ಮ ಮೋಟಾರ್ ಆಯಿತಾ?’ ‘ಅವನು ಇಲ್ಲ’ ಎಂದು ನಾನು ಹೇಳಿದರೆ, ‘ಎಷ್ಟು ಹೊತ್ತಿಗೆ ಬರುತ್ತಾರೆ?’ ಎನ್ನುತ್ತಿದ್ದರು. ಮುಂದೆ ಹೇಳಬೇಕಾದ್ದು ಗಂಟಲಿನಿಂದ ಹೊರಗೆ ಬರುತ್ತಿರಲಿಲ್ಲ. ನಾನು ಶಾಲೆಯಲ್ಲಿ ಪಾಠ ಮಾಡುವವಳು. ತರಗತಿಯಲ್ಲೂ ಸ್ವರ ಕಟ್ಟತೊಡಗಿದಾಗ, ಇನ್ನು ಯಾರನ್ನಾದರೂ ಕಾಣಲೇಬೇಕು ಎಂದುಕೊಂಡೆ.

ಮೊದಲು ಕರೆ ಮಾಡಿದ್ದು ಟೆಲಿ ಮಾನಸ್‌ಗೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ ಇದು, ಸಂಖ್ಯೆ 14416, ದಿನದ ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ. ನಾನು ಕರೆ ಮಾಡಿದಾಗ ನಡುರಾತ್ರಿ. ಆ ಕಡೆಯಿಂದ ಮಾತನಾಡಿದ ಹೆಣ್ಣುಮಗಳು ಕನ್ನಡದಲ್ಲೇ ಮಾತನಾಡಿದರು. ಊಟ ನಿದ್ದೆ ಹೇಗಿದೆ ಎಂದು ಕೇಳಿದರು. ಬದುಕುವುದೇ ಬೇಡ ಎಂಬ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಿದರು. ಆ ನೇರ ಪ್ರಶ್ನೆ ನನಗೆ ಒರಟು ಎನಿಸಲಿಲ್ಲ, ಯಾರೋ ನನ್ನ ಕೈ ಹಿಡಿದುಕೊಂಡಂತೆ ಇತ್ತು. ಆದರೆ ವಾರವಾರವೂ ಅದೇ ಒಬ್ಬರು ಎದುರು ಕೂತು ಕೇಳಬೇಕಾದ ಸಂಕಟಕ್ಕೆ ಸಹಾಯವಾಣಿ ಸಾಲದು.

ಯಾರ ಹತ್ತಿರ ಹೋಗಬೇಕೆಂಬ ಗೊಂದಲ ಬಿಡಿಸಿಕೊಳ್ಳಲು ಸ್ವಲ್ಪ ಕಾಲ ಬೇಕಾಯಿತು. ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಮುಂದೆ ಓದಿದ ವೈದ್ಯರು, ಔಷಧಿ ಬರೆಯಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಮಾತಿನ ಮೂಲಕ ಚಿಕಿತ್ಸೆ ಕೊಡುವವರು, ಅವರಿಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಸಂಖ್ಯೆ ಇರಬೇಕು. ಆಪ್ತಸಮಾಲೋಚಕ ಎಂಬ ಫಲಕವನ್ನು ಮಾತ್ರ ವರ್ಷಗಟ್ಟಲೆ ತರಬೇತಿ ಪಡೆದವರೂ ಹಾಕಿಕೊಳ್ಳುತ್ತಾರೆ, ವಾರಾಂತ್ಯದ ಶಿಬಿರ ಮುಗಿಸಿದವರೂ ಹಾಕಿಕೊಳ್ಳುತ್ತಾರೆ. ಹಾಗಾಗಿ ಓದು, ತರಬೇತಿ ಕೇಳಿಯೇ ತಿಳಿಯಬೇಕು. ಕೇಳಿದರೆ ಅವರಿಗೆ ಅವಮಾನವಾಗುತ್ತದೆ ಎಂಬ ಸಂಕೋಚ ನಮ್ಮ ಜನಕ್ಕೆ ಬಹಳ. ಒಳ್ಳೆಯವರು ಸಂತೋಷದಿಂದ ಹೇಳುತ್ತಾರೆ, ಇದನ್ನು ನಾನೇ ಕಂಡಿದ್ದೇನೆ.

ಮೊದಲು ಭೇಟಿಯಾದ ಸಮಾಲೋಚಕರು ನನ್ನ ಮಾತು ಅರ್ಧದಲ್ಲಿರುವಾಗಲೇ ‘ಕಾಲವೇ ಮದ್ದು, ನೀವು ತಾಯಿಯವರಿಗೋಸ್ಕರ ಗಟ್ಟಿಯಾಗಿರಬೇಕು’ ಎಂದರು. ಅದನ್ನು ನಮ್ಮ ಬೀದಿಯವರೆಲ್ಲ ಆಗಲೇ ಹೇಳಿದ್ದರು. ಎರಡನೇ ಸಲ ಅಲ್ಲಿಗೆ ಹೋಗಲಿಲ್ಲ. ಹೊಂದದವರನ್ನು ಬಿಟ್ಟು ಬೇರೆಯವರನ್ನು ನೋಡುವ ಹಕ್ಕು ನಮಗಿದೆ. ಸಹಾಯ ಕೇಳಿ ಹೋದವರು ಸುಮ್ಮನೆ ಸಹಿಸಿಕೊಳ್ಳಬೇಕಾಗಿಲ್ಲ.

ಆಮೇಲೆ ಫೋನಿನಲ್ಲೇ ವಿಚಾರಿಸಿ ಆರಿಸಿಕೊಂಡೆ. ಹಠಾತ್ ಸಾವು ಕಂಡ ಮನೆಯವರ ಜೊತೆ ಕೆಲಸ ಮಾಡಿದ್ದೀರಾ? ಪೂರ್ತಿ ಕನ್ನಡದಲ್ಲೇ ಮಾತನಾಡಬಹುದೇ? ನಿಮಗೇ ಕಷ್ಟವೆನಿಸುವ ಸಂದರ್ಭದಲ್ಲಿ ಸಲಹೆ ಕೇಳಲು ನಿಮಗೊಬ್ಬ ಹಿರಿಯರಿದ್ದಾರೆಯೇ? ನಾನು ಒಂದು ಗಂಟೆಯೂ ಬರೀ ಅತ್ತರೆ ಏನು ಮಾಡುತ್ತೀರಿ? ಕೊನೆಯ ಪ್ರಶ್ನೆಗೆ ಒಬ್ಬರು ಉಸಿರಾಟದ ವ್ಯಾಯಾಮ ಹೇಳಿಕೊಡುತ್ತೇನೆ ಎಂದರು. ಇನ್ನೊಬ್ಬರು, ‘ಅಳಿ, ನಾನು ಕೂತಿರುತ್ತೇನೆ. ಮುಗಿದ ಮೇಲೆ ಮನೆಗೆ ಹೋಗುವಾಗ ಜೊತೆಗೆ ಯಾರಿರುತ್ತಾರೆ ಎಂದು ಕೇಳುತ್ತೇನೆ’ ಎಂದರು. ನಾನು ಅವರನ್ನೇ ಆರಿಸಿಕೊಂಡೆ. ಅವರು ಇರುವುದು ಬೆಂಗಳೂರಿನಲ್ಲಿ, ಭೇಟಿ ಹೆಚ್ಚಾಗಿ ವಿಡಿಯೊ ಕರೆಯಲ್ಲಿ.

ಮೊದಲ ದಿನ ಅವರು ನನ್ನ ನಿದ್ದೆಯ ವಿಚಾರಕ್ಕೆ ಹೋಗುವ ಮುಂಚೆ ತಮ್ಮನ ಹೆಸರು ಕೇಳಿದರು. ಹೇಗಿದ್ದ, ಏನು ತಿನ್ನುತ್ತಿದ್ದ, ನಿಮ್ಮಿಬ್ಬರಲ್ಲಿ ಜಗಳ ಯಾವುದಕ್ಕೆ ಎಂದು ಕೇಳಿದರು. ಅವನು ಹೋದ ಮೇಲೆ ಅವನ ಬಗ್ಗೆ ಯಾರೂ ನನ್ನನ್ನು ಏನನ್ನೂ ಕೇಳಿರಲಿಲ್ಲ. ಅಂಗಡಿಯಿಂದ ಬಂದಾಗ ಬಟ್ಟೆಗೆ ಹತ್ತಿರುತ್ತಿದ್ದ ವಾರ್ನಿಷ್ ವಾಸನೆ, ಬೆರಳ ತುದಿಯಲ್ಲಿ ತಾಮ್ರದ ತಂತಿ ಎಳೆದು ಎಳೆದು ಆದ ಗೀರುಗಳು, ಎಲ್ಲವನ್ನೂ ಹೇಳುತ್ತಾ ಹೋದೆ.

ಫೋನ್ ಕರೆಗಳ ಸಮಸ್ಯೆಯನ್ನು ಅವರು ಸಣ್ಣದೆಂದು ಬಿಡಲಿಲ್ಲ. ತಾವೇ ರೈತರಾಗಿ ‘ಅಣ್ಣಾ, ಮೋಟಾರ್ ಆಯಿತಾ?’ ಎಂದು ಕೇಳಿದರು, ನಾನು ಉತ್ತರ ಹೇಳಬೇಕು. ಹೇಳಿ ಹೇಳಿ ಒಂದು ವಾಕ್ಯ ನಿಂತಿತು: ‘ನಾನು ಅವನ ಅಕ್ಕ. ನನ್ನ ತಮ್ಮ ತೀರಿಕೊಂಡಿದ್ದಾನೆ. ನಿಮ್ಮ ಮೋಟಾರ್ ಅಂಗಡಿಯ ಹುಡುಗನ ಹತ್ತಿರ ಇದೆ, ಅವನ ನಂಬರ್ ಕೊಡುತ್ತೇನೆ.’ ದಿನಕ್ಕೆ ಇಷ್ಟು ಹೊತ್ತು ಮಾತ್ರ ಕರೆ ತೆಗೆದುಕೊಳ್ಳುವುದು, ಉಳಿದ ಹೊತ್ತಿನಲ್ಲಿ ನನ್ನ ಗಂಡ ತೆಗೆದುಕೊಳ್ಳುವುದು ಎಂದೂ ಗೊತ್ತುಮಾಡಿದೆವು. ತೀರಿಕೊಂಡಿದ್ದಾನೆ ಎಂದು ಕೇಳಿದ ಮೇಲೆ ಎಷ್ಟೋ ರೈತರು ತಮಗೆ ಅವನು ಮಾಡಿದ ಉಪಕಾರ ಹೇಳಿಕೊಂಡು ಅತ್ತರು. ಅದು ನನಗೆ ಗೊತ್ತೇ ಇರದ ತಮ್ಮ.

ಇದು ಕಾಯಿಲೆಯೇ ಎಂದು ಒಮ್ಮೆ ಕೇಳಿದೆ. ದುಃಖ ಕಾಯಿಲೆಯಲ್ಲ ಎಂದರು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ದೀರ್ಘಕಾಲದ ಶೋಕ ಎಂಬುದು ಸೇರಿದೆ. ಆದರೆ ಆರು ತಿಂಗಳು ಕಳೆದರೂ ತೀವ್ರವಾದ ಹಂಬಲ ಬಿಡದೆ, ದಿನದ ಬದುಕು ನಡೆಸಲಾಗದೆ, ದುಃಖದಲ್ಲಿರುವವರ ಸಮಾಜದ ರೂಢಿಯನ್ನೂ ಮೀರಿದಾಗ ಮಾತ್ರ ಹಾಗೆ ಗುರುತಿಸುತ್ತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿ 2022ರಲ್ಲಿ ಇದನ್ನು ಸೇರಿಸಿಕೊಂಡಾಗ ದೊಡ್ಡವರಿಗೆ ಒಂದು ವರ್ಷದ ಅವಧಿ ಇಟ್ಟಿತು. ನಮ್ಮಲ್ಲಿ ವರ್ಷಾಬ್ದಿಕದವರೆಗೆ ಮನೆಯಲ್ಲಿ ಹಬ್ಬ ಮಾಡುವುದಿಲ್ಲವಲ್ಲ, ಆ ವರ್ಷಕ್ಕೂ ಒಂದು ಅರ್ಥವಿದೆ ಎನಿಸಿತು.

ಶುಲ್ಕದ ಮಾತು. ನಾನು ವಿಚಾರಿಸಿದ ಖಾಸಗಿಯವರು ಒಂದು ಭೇಟಿಗೆ ಸಾವಿರದಿಂದ ಎರಡು ಸಾವಿರ ರೂಪಾಯಿ ಹೇಳಿದರು, ಕೆಲವರು ಕೇಳಿದರೆ ಕಡಿಮೆ ಮಾಡುತ್ತಾರೆ. ಅದೂ ಆಗದಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗವಿದೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಚಿಕಿತ್ಸಾಲಯವಿದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಹೇಳಿಕೊಂಡದ್ದು ಊರಿಗೆಲ್ಲ ತಿಳಿಯುತ್ತದೆ ಎಂಬ ಭಯವಿರುವವರು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ ಎಂಬುದನ್ನು ತಿಳಿದಿರಬೇಕು.

ತಮ್ಮನ ಮಗನಿಗೆ ಎಂಟು ವರ್ಷ. ಅವನು ಅಳುವುದಿಲ್ಲ, ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು ಎನ್ನುತ್ತಾನೆ. ನನ್ನ ಸಮಾಲೋಚಕರು ತಾವು ಮಕ್ಕಳ ಜೊತೆ ಕೆಲಸ ಮಾಡುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿ, ಮಾಡುವವರೊಬ್ಬರನ್ನು ಸೂಚಿಸಿದರು. ಅಪ್ಪ ದೂರದ ಊರಿಗೆ ಹೋಗಿದ್ದಾನೆ ಎಂದು ಹೇಳಬೇಡಿ, ಸತ್ತುಹೋಗಿದ್ದಾನೆ ಎಂದೇ ಹೇಳಿ, ಇಲ್ಲದಿದ್ದರೆ ಮಗು ಕಾಯುತ್ತಲೇ ಇರುತ್ತದೆ ಎಂದರು. ಈಗ ಹುಡುಗ ಅವರು ಸೂಚಿಸಿದ ಆ ಮಕ್ಕಳ ಸಮಾಲೋಚಕರಲ್ಲಿಗೆ ಹೋಗುತ್ತಿದ್ದಾನೆ. ತಮ್ಮನ ಹೆಂಡತಿ ಇನ್ನೂ ಯಾರನ್ನೂ ಕಾಣಲು ಒಪ್ಪಿಲ್ಲ, ನಾನು ಒತ್ತಾಯ ಮಾಡುತ್ತಿಲ್ಲ. ಕನ್ನಡ ಬಲ್ಲ ಕೆಲವರ ನಂಬರ್‌ಗಳನ್ನೂ ಮೊದಲ ಕರೆಯಲ್ಲಿ ಏನೇನು ಕೇಳಬೇಕು ಎಂಬುದನ್ನೂ ಒಂದು ಹಾಳೆಯಲ್ಲಿ ಬರೆದು ಅವಳಿಗೆ ಕೊಟ್ಟಿದ್ದೇನೆ.