ಎಎಲ್‌ಟಿ ಏರಿದಾಗ ನಾನು ಮೊದಲು ನೋಡುವುದು ಪ್ಲೇಟ್‌ಲೆಟ್

ಅಮೆರಿಕದ ಮಕ್ಕಳ ಆಸ್ಪತ್ರೆಯೊಂದರಲ್ಲಿ ನಾನು ಯಕೃತ್ತಿನ ವೈದ್ಯೆ. ಸಿಸ್ಟಿಕ್ ಫೈಬ್ರೋಸಿಸ್, ಅಂದರೆ ಶ್ವಾಸಕೋಶ ಮತ್ತಿತರ ಅಂಗಗಳಲ್ಲಿ ಸ್ರಾವ ಗಟ್ಟಿಯಾಗುವ ಆನುವಂಶಿಕ ರೋಗ ಇರುವ ಮಕ್ಕಳು ಶ್ವಾಸಕೋಶ ತಜ್ಞರ ಚೀಟಿ ಹಿಡಿದು ನನ್ನ ಬಳಿ ಬರುತ್ತಾರೆ. ಚೀಟಿಯಲ್ಲಿ ಹೆಚ್ಚಾಗಿ ಒಂದೇ ಸಾಲು ಇರುತ್ತದೆ: ಎಎಲ್‌ಟಿ ಹೆಚ್ಚಾಗಿದೆ, ಟ್ರೈಕಾಫ್ಟಾ ನಿಲ್ಲಿಸಬೇಕೇ? ಎಎಲ್‌ಟಿ ಎಂದರೆ ಯಕೃತ್ತಿನ ಕೋಶಗಳಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವ, ಟ್ರೈಕಾಫ್ಟಾ ಈ ರೋಗದ ಮಾತ್ರೆ. 2019ರ ಅಕ್ಟೋಬರ್‌ಗೆ ಮೊದಲು ಈ ಪ್ರಶ್ನೆಯೇ ಇರಲಿಲ್ಲ. ಮೂರು ಔಷಧಗಳು ಸೇರಿದ ಈ ಮಾತ್ರೆಗೆ 12 ವರ್ಷ ದಾಟಿದವರಲ್ಲಿ ಬಳಸಲು ಅನುಮತಿ ಸಿಕ್ಕಿದ್ದು ಆಗ. 2021ರಲ್ಲಿ ಅದು 6 ವರ್ಷದ ಮಕ್ಕಳಿಗೆ ಬಂತು, 2023ರಲ್ಲಿ 2 ವರ್ಷದವರಿಗೂ ಬಂತು. ಮೆಟ್ಟಿಲು ಹತ್ತಲು ಏದುಸಿರು ಬಿಡುತ್ತಿದ್ದ ಹುಡುಗರು ಈಗ ಫುಟ್‌ಬಾಲ್ ತಂಡದಲ್ಲಿದ್ದಾರೆ. ಅಂಥ ಮಾತ್ರೆಯನ್ನು ನಿಲ್ಲಿಸಿ ಎಂದು ಬರೆಯುವುದು ಸುಲಭವಲ್ಲ, ಸುಲಭವಾಗಿರಲೂ ಬಾರದು.

ಈ ರೋಗದಲ್ಲಿ ಯಕೃತ್ತು ಕೆಡುವುದಕ್ಕೆ ಕಾರಣ ಮಾತ್ರೆಗಿಂತ ಹಳೆಯದು. ಈ ರೋಗದಲ್ಲಿ ಕೆಟ್ಟಿರುವ ಸಿಎಫ್‌ಟಿಆರ್ ಎಂಬ ಪ್ರೋಟೀನು ಯಕೃತ್ತಿನ ಮುಖ್ಯ ಕೋಶಗಳಲ್ಲಿ ಇರುವುದಿಲ್ಲ, ಪಿತ್ತನಾಳಗಳ ಒಳಪದರದಲ್ಲಿ ಇರುತ್ತದೆ. ಅದು ಕೆಲಸ ಮಾಡದಿದ್ದರೆ ಪಿತ್ತರಸಕ್ಕೆ ನೀರು ಸಾಲದೆ ಅದು ಗಟ್ಟಿಯಾಗುತ್ತದೆ. ಸಣ್ಣ ನಾಳಗಳು ಕಟ್ಟಿಕೊಂಡು ಅಲ್ಲಲ್ಲಿ ಕಲೆಗಟ್ಟುತ್ತವೆ. ನೂರರಲ್ಲಿ ಐದರಿಂದ ಹತ್ತು ಮಂದಿಗೆ ಇದು ಸಿರೋಸಿಸ್‌ (ಯಕೃತ್ತೆಲ್ಲ ಕಲೆಗಟ್ಟುವುದು) ಅಥವಾ ಯಕೃತ್ತಿಗೆ ರಕ್ತ ತರುವ ಪೋರ್ಟಲ್ ರಕ್ತನಾಳದಲ್ಲಿ ಒತ್ತಡ ಏರುವ ಹಂತ ತಲುಪುತ್ತದೆ, ಅದೂ ಬಹುಪಾಲು ಹದಿಹರೆಯ ಮುಗಿಯುವುದರೊಳಗೆ. ಕಲೆ ಅಲ್ಲಲ್ಲಿ ಮಾತ್ರ ಇರುವುದರಿಂದ ಬಯಾಪ್ಸಿಯ ಸೂಜಿ ಒಳ್ಳೆಯ ಭಾಗಕ್ಕೆ ಚುಚ್ಚಿ ಏನೂ ಇಲ್ಲವೆಂದು ಹೇಳಿಬಿಡಬಹುದು. ಹಾಗಾಗಿ ಬಯಾಪ್ಸಿಯನ್ನು ನಾನು ಅಪರೂಪಕ್ಕೆ ಮಾತ್ರ ಬಳಸುತ್ತೇನೆ.

ಚೀಟಿ ಬಂದಾಗ ನಾನು ಮೊದಲು ತೆರೆಯುವುದು ಮಾತ್ರೆ ಶುರುವಾಗುವ ಮೊದಲಿನ ವರ್ಷಗಳ ರಕ್ತಪರೀಕ್ಷೆಗಳನ್ನು. ಎಎಲ್‌ಟಿ ಹಿಂದಿನಿಂದಲೂ ಏರಿಳಿಯುತ್ತಿತ್ತೇ? ಪ್ಲೇಟ್‌ಲೆಟ್ ಎಣಿಕೆ ಯಾವ ದಿಕ್ಕಿಗೆ ಹೋಗುತ್ತಿದೆ? ಪೋರ್ಟಲ್ ಒತ್ತಡ ಏರಿದರೆ ಗುಲ್ಮ ಊದಿ ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಎಣಿಕೆ ಇಳಿಯುತ್ತದೆ. ಮಾತ್ರೆಯ ಪ್ರಯೋಗದಲ್ಲಿ ಎಎಲ್‌ಟಿ ಅಥವಾ ಅದರ ಜೊತೆಗೇ ಅಳೆಯುವ ಎಎಸ್‌ಟಿ ಕಿಣ್ವ ಸಾಮಾನ್ಯ ಮಿತಿಯ ಮೂರು ಪಟ್ಟು ದಾಟಿದವರು ಔಷಧ ಪಡೆದವರಲ್ಲಿ ಶೇ. 8, ಹುಸಿ ಮಾತ್ರೆ ನುಂಗಿದವರಲ್ಲೂ ಶೇ. 5. ಈ ರೋಗದಲ್ಲಿ ಕಿಣ್ವಗಳು ಔಷಧವಿಲ್ಲದೆಯೂ ಕುಣಿಯುತ್ತವೆ. ಮಾತ್ರೆ ಶುರುವಾಗುವ ಮೊದಲಿನ ಅಂಕಿಗಳು ಕೈಯಲ್ಲಿ ಇಲ್ಲದಿದ್ದರೆ ಪಾಪವೆಲ್ಲ ಮಾತ್ರೆಯ ತಲೆಗೆ ಬರುತ್ತದೆ.

ಒಬ್ಬ ಹುಡುಗ ಎಎಸ್‌ಟಿ ನಾಲ್ಕು ಪಟ್ಟು ಏರಿದೆ ಎಂದು ಬಂದಿದ್ದ. ಎಎಲ್‌ಟಿಗಿಂತ ಎಎಸ್‌ಟಿ ಹೆಚ್ಚಾಗಿತ್ತು, ಪಿತ್ತನಾಳದ ತೊಂದರೆ ತೋರಿಸುವ ಜಿಜಿಟಿ ಮತ್ತು ಕಾಮಾಲೆ ತರುವ ಬಿಲಿರುಬಿನ್ ಸರಿಯಾಗಿದ್ದವು. ಜಿಮ್‌ಗೆ ಹೋಗುತ್ತೀಯಾ ಎಂದು ಕೇಳಿದೆ. ಹಿಂದಿನ ಸಂಜೆ ತಾನು ಎತ್ತಿದ ಭಾರವನ್ನು ಅಭಿಮಾನದಿಂದ ಹೇಳಿದ. ಎಎಸ್‌ಟಿ ಸ್ನಾಯುವಿನಲ್ಲೂ ಇರುತ್ತದೆ. ಸ್ನಾಯುವಿನ ಕಿಣ್ವವಾದ ಸಿಕೆಯ ಪರೀಕ್ಷೆ ಮಾಡಿಸಿದೆ, ಅದು ಆಕಾಶದಲ್ಲಿತ್ತು. ಕೆಲವು ದಿನ ಭಾರ ಎತ್ತದೆ ಇದ್ದು ಮತ್ತೆ ರಕ್ತ ಕೊಟ್ಟಾಗ ಎರಡೂ ಇಳಿದಿದ್ದವು. ಈಗ ಪರೀಕ್ಷೆಗೆ ಮೊದಲು ಕಠಿಣ ವ್ಯಾಯಾಮ ಬೇಡ ಎಂಬ ಸಾಲನ್ನು ನಮ್ಮ ನರ್ಸ್ ಪ್ರತಿ ಲ್ಯಾಬ್ ಚೀಟಿಯಲ್ಲೂ ಬರೆಯುತ್ತಾರೆ.

ನನಗೆ ಹೆಚ್ಚು ಕಳವಳ ತಂದವಳು ಇನ್ನೊಬ್ಬ ಹುಡುಗಿ. ಅವಳ ಎಎಲ್‌ಟಿ ಎಂದೂ ತಕರಾರು ಮಾಡಿದ್ದಿಲ್ಲ, ಹಾಗಾಗಿ ಅವಳಿಗಾಗಿ ಚೀಟಿಯೂ ಬಂದಿರಲಿಲ್ಲ. ಅವಳ ವಾರ್ಷಿಕ ತಪಾಸಣೆಯ ಕಾಗದಗಳನ್ನು ಸಾಲಾಗಿ ಇಟ್ಟಾಗ ಪ್ಲೇಟ್‌ಲೆಟ್ ವರ್ಷದಿಂದ ವರ್ಷಕ್ಕೆ ಜಾರುತ್ತಾ ಒಂದೂವರೆ ಲಕ್ಷದ ಕೆಳಗೆ ಬಂದಿತ್ತು. ಪ್ರತಿ ವರ್ಷದ ಅಂಕಿಯೂ ಒಂಟಿಯಾಗಿ ನೋಡಿದರೆ ಹಿಂದಿನದಕ್ಕಿಂತ ಅಷ್ಟೇನೂ ಕಡಿಮೆಯಲ್ಲ. ಹೊಟ್ಟೆ ಮುಟ್ಟಿ ನೋಡಿದರೆ ಗುಲ್ಮ ಕೈಗೆ ಸಿಗುತ್ತಿತ್ತು. ಅಲ್ಟ್ರಾಸೌಂಡ್‌ನಲ್ಲಿ ಯಕೃತ್ತಿನ ಮೇಲ್ಮೈ ಗಂಟುಗಂಟು, ಎಂಡೋಸ್ಕೋಪಿಯಲ್ಲಿ ಅನ್ನನಾಳದ ಉಬ್ಬಿದ ರಕ್ತನಾಳಗಳು. ರಕ್ತ ಕಾರಿಕೊಳ್ಳುವ ಮೊದಲೇ ಅವಕ್ಕೆ ಬ್ಯಾಂಡ್ ಹಾಕಿದೆವು. ನೋವಿನ ಮಾತ್ರೆ ಐಬುಪ್ರೊಫೇನ್ ಬೇಡ, ಹೊಟ್ಟೆಗೆ ಪೆಟ್ಟು ಬೀಳುವ ಆಟ ಬೇಡ ಎಂದೆ. ಎರಡನೆಯದಕ್ಕೆ ಅವಳು ಅತ್ತಳು.

ಕಿಣ್ವ ಏರಿದರೆ ಎಲ್ಲರೂ ಓಡಿ ಬರುತ್ತಾರೆ, ಪ್ಲೇಟ್‌ಲೆಟ್ ಇಳಿದರೆ ಯಾರೂ ಬರುವುದಿಲ್ಲ. ಸಿಸ್ಟಿಕ್ ಫೈಬ್ರೋಸಿಸ್ ಫೌಂಡೇಶನ್ನಿನ 2024ರ ಮಾರ್ಗಸೂಚಿ ವರ್ಷಕ್ಕೊಮ್ಮೆ ದೈಹಿಕ ಪರೀಕ್ಷೆ, ಕಿಣ್ವಗಳು, ಬಿಲಿರುಬಿನ್, ಪ್ಲೇಟ್‌ಲೆಟ್ ನೋಡಬೇಕೆಂದೂ 3 ವರ್ಷದಿಂದ ಕನಿಷ್ಠ ಎರಡು ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಮಾಡಬೇಕೆಂದೂ ಹೇಳುತ್ತದೆ. ನಮ್ಮಲ್ಲಿ ಆ ಅಂಕಿಗಳು ಈಗ ಒಂದೇ ಗೆರೆಚಿತ್ರದಲ್ಲಿ ಬರುತ್ತವೆ. ಅದನ್ನು ಮಾಡಿಸಲು ಕಂಪ್ಯೂಟರ್ ವಿಭಾಗದವರ ಬೆನ್ನು ಬಿದ್ದದ್ದು ಬೇರೆ ಕಥೆ.

ಹಾಗೆಂದು ಮಾತ್ರೆ ನಿರಪರಾಧಿಯಲ್ಲ. 2024ರ ಡಿಸೆಂಬರ್‌ನಲ್ಲಿ ಅದರ ಲೇಬಲ್ಲಿಗೆ ಯಕೃತ್ತಿನ ಹಾನಿ ಮತ್ತು ವೈಫಲ್ಯದ ಬಗ್ಗೆ ಚೌಕಟ್ಟಿನ ಎಚ್ಚರಿಕೆ, ಅಂದರೆ ಲೇಬಲ್ಲಿನ ಅತಿ ಗಂಭೀರ ಎಚ್ಚರಿಕೆ, ಸೇರಿತು. ಹಿಂದೆ ಚಿಕಿತ್ಸೆಯ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಇದ್ದ ಯಕೃತ್ತಿನ ರಕ್ತಪರೀಕ್ಷೆ ಈಗ ಮೊದಲ ಆರು ತಿಂಗಳು ಪ್ರತಿ ತಿಂಗಳು, ಮುಂದಿನ 12 ತಿಂಗಳು ಮೂರು ತಿಂಗಳಿಗೊಮ್ಮೆ, ಆಮೇಲೆ ಕನಿಷ್ಠ ವರ್ಷಕ್ಕೊಮ್ಮೆ. ಕಿಣ್ವ ಐದು ಪಟ್ಟು ದಾಟಿದರೆ, ಅಥವಾ ಮೂರು ಪಟ್ಟು ದಾಟಿ ಬಿಲಿರುಬಿನ್ ಕೂಡ ಎರಡು ಪಟ್ಟು ಮೀರಿದರೆ, ನಾನು ಚರ್ಚೆಗೆ ಕೂರದೆ ಮಾತ್ರೆ ನಿಲ್ಲಿಸುತ್ತೇನೆ. ಚರ್ಮ ಹಳದಿಯಾಗಿ, ಮೂತ್ರ ಕಡುಬಣ್ಣವಾದರೆ ಲ್ಯಾಬ್ ವರದಿಗೂ ಕಾಯುವುದಿಲ್ಲ.

ಜೊತೆಗೆ ಬೇರೆ ಏನೇನು ಹೊಟ್ಟೆಗೆ ಹೋಗುತ್ತಿದೆ ಎಂದು ಕೇಳುವುದಕ್ಕೆ ನಾನು ಅರ್ಧ ಗಂಟೆ ಇಟ್ಟುಕೊಳ್ಳುತ್ತೇನೆ. ಶಿಲೀಂಧ್ರಕ್ಕೆ ಕೊಡುವ ಇಟ್ರಕೊನಜೋಲ್ ಈ ಮಾತ್ರೆಯ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ, ಡೋಸ್ ಕಡಿಮೆ ಮಾಡಲೇಬೇಕು. ಗ್ರೇಪ್‌ಫ್ರೂಟ್ ಕೂಡ ಹಾಗೆಯೇ. ಅದರ ಬಂಧುವಾದ ನಮ್ಮ ದೇವನಹಳ್ಳಿ ಚಕ್ಕೋತವನ್ನೂ ದೂರವಿಡಿ ಎಂದು ಕನ್ನಡದ ಮನೆಯವರಿಗೆ ಹೇಳುವಾಗ ನನಗೇ ಬೇಸರವಾಗುತ್ತದೆ. ಮಾತ್ರೆಯಿಂದ ಕೊಬ್ಬು ಹೀರುವಿಕೆ ಸುಧಾರಿಸಿದರೆ ಹಳೆಯ ಡೋಸಿನ ವಿಟಮಿನ್ ಎ ಅತಿಯಾಗಬಹುದು, ಅದೂ ಯಕೃತ್ತಿಗೆ ವಿಷ. ಅಜ್ಜಿ ಕಳಿಸಿದ ಅಮೃತಬಳ್ಳಿಯ ಪುಡಿಯನ್ನು ಯಾರೂ ಔಷಧವೆಂದು ಹೇಳುವುದಿಲ್ಲ. ಕೋವಿಡ್ ಕಾಲದಲ್ಲಿ ಅದನ್ನು ಸೇವಿಸಿದ ಕೆಲವರಿಗೆ ಯಕೃತ್ತಿನ ಉರಿಯೂತ ಬಂದದ್ದನ್ನು ಮುಂಬಯಿಯ ವೈದ್ಯರು 2021ರಲ್ಲಿ ದಾಖಲಿಸಿದ್ದಾರೆ. ಮದ್ಯದ ವಿಷಯವನ್ನು ಮಾತ್ರ ಅಪ್ಪ ಅಮ್ಮನನ್ನು ಹೊರಗೆ ಕೂರಿಸಿ ಕೇಳುತ್ತೇನೆ. ಹದಿನೇಳರ ಹುಡುಗ ನಿಜ ಹೇಳಲು ಅಷ್ಟಾದರೂ ಮಾಡಬೇಕು.

ಕರ್ನಾಟಕದಿಂದಲೂ ಆಗಾಗ ಪೋಷಕರು ಕೇಳುತ್ತಾರೆ. ಅವರ ಮಕ್ಕಳಲ್ಲಿ ಅನೇಕರಿಗೆ ಈ ಮಾತ್ರೆಯ ಪ್ರಶ್ನೆಯೇ ಬರುವುದಿಲ್ಲ. ಮಾತ್ರೆ ಮುಖ್ಯವಾಗಿ ಗುರಿಯಿಡುವ ಎಫ್508ಡೆಲ್ ಎಂಬ ಸಾಮಾನ್ಯ ಜೀನ್ ದೋಷ ಭಾರತೀಯರಲ್ಲಿ ಯುರೋಪಿನವರಲ್ಲಿ ಇರುವಷ್ಟು ಇಲ್ಲ, ಮತ್ತು 2019ರಲ್ಲಿ ಅಮೆರಿಕದಲ್ಲಿ ಮಾತ್ರೆಯ ಪಟ್ಟಿ ಬೆಲೆ ವರ್ಷಕ್ಕೆ 3 ಲಕ್ಷ ಡಾಲರ್ ಮೀರಿತ್ತು. ಆದರೆ ಯಕೃತ್ತನ್ನು ಕಾಯುವ ಕೆಲಸಕ್ಕೆ ಅಷ್ಟು ಹಣ ಬೇಡ. ಹೆಪಟೈಟಿಸ್ ಎ ಮತ್ತು ಬಿ ಲಸಿಕೆ ಹಾಕಿಸಿ, ಅಲ್ಟ್ರಾಸೌಂಡ್ ಮಾಡಿಸಿ ಎನ್ನುತ್ತೇನೆ. ಪ್ಲೇಟ್‌ಲೆಟ್ ಎಂಬ ಪದವನ್ನು ಡೆಂಗೀ ಜ್ವರ ಪ್ರತಿ ಮನೆಗೂ ಕಲಿಸಿದೆ, ಅದನ್ನು ವಿವರಿಸುವ ಕಷ್ಟವಿಲ್ಲ. ಹಳೆಯ ವರದಿಗಳನ್ನು ಎಸೆಯದೆ ದಿನಾಂಕದ ಕ್ರಮದಲ್ಲಿ ಒಂದು ಫೈಲಿನಲ್ಲಿ ಇಟ್ಟು, ಪ್ರತಿ ಭೇಟಿಗೂ ವೈದ್ಯರ ಮೇಜಿನ ಮೇಲೆ ಅದನ್ನು ತೆರೆದಿಡಿ ಎಂದು ಹೇಳುತ್ತೇನೆ.