ಎರಡು ಬ್ಯಾಟರಿ, 20 ನಿಮಿಷ: ರಿಮೋಟ್ ದೋಣಿಗಳ ದೀರ್ಘ ಓಟ ನಡೆಸುವುದು ಹೀಗೆ

ಕಳೆದ ಚಳಿಗಾಲದಲ್ಲಿ ಕನಕಪುರ ರಸ್ತೆಯ ಆಚೆ, ಸ್ನೇಹಿತರ ತೋಟದ ದೊಡ್ಡ ಹೊಂಡದಲ್ಲಿ ಐದು ರಿಮೋಟ್ ದೋಣಿಗಳನ್ನು ಒಟ್ಟಿಗೆ ಬಿಟ್ಟೆವು. 20 ನಿಮಿಷದ ಓಟ. ಏಳನೇ ನಿಮಿಷಕ್ಕೆ ಮೂರು ದೋಣಿ ನಡುನೀರಿನಲ್ಲಿ ನಿಂತಿದ್ದವು. ಮೂರೂ ಒಳ್ಳೆಯ ದೋಣಿಗಳೇ, ಓಡಿಸುವವರೂ ಕೈ ಪಳಗಿದವರೇ. ಬ್ಯಾಟರಿಯ ಲೆಕ್ಕ ಮಾತ್ರ ಯಾರೂ ಹಾಕಿರಲಿಲ್ಲ. ಇದೇ ತಪ್ಪನ್ನು ಎಷ್ಟೋ ಸಲ ನೋಡಿದ್ದೇನೆ, ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಓಟದ ಬಗೆ ಗೊತ್ತುಮಾಡಿ

ದೀರ್ಘ ಓಟದಲ್ಲಿ ಗುರಿಯ ಗೆರೆಯನ್ನು ಮೊದಲು ಯಾರು ದಾಟಿದರು ಎಂಬ ಪ್ರಶ್ನೆಯೇ ಇಲ್ಲ. ಗೊತ್ತುಮಾಡಿದ ಸಮಯದಲ್ಲಿ ಯಾರು ಜಾಸ್ತಿ ಸುತ್ತು ಹಾಕಿದರೋ ಅವರು ಗೆದ್ದಂತೆ. ಮಾದರಿ ದೋಣಿಗಳ ಅಂತರರಾಷ್ಟ್ರೀಯ ಒಕ್ಕೂಟವಾದ ನಾವಿಗಾದ ಸ್ಪರ್ಧೆಗಳಲ್ಲಿ ಮೋನೊ, ಹೈಡ್ರೊ ಎಂಬ ಎಲೆಕ್ಟ್ರಿಕ್ ದೋಣಿಗಳ ಓಟ 6 ನಿಮಿಷ. ಎಣ್ಣೆ ಹಾಕುವ ಎಂಜಿನ್ ದೋಣಿಗಳ ಎಫ್‌ಎಸ್‌ಆರ್-ವಿ ವಿಭಾಗದಲ್ಲಿ ಫೈನಲ್ 30 ನಿಮಿಷ ನಡೆಯುತ್ತದೆ. ಇಬ್ಬರು ಮೂವರು ಒಂದು ತಂಡವಾಗಿ, ಒಂದೇ ದೋಣಿಯನ್ನು ಸರದಿಯ ಮೇಲೆ ಗಂಟೆಗಟ್ಟಲೆ ಓಡಿಸುವ ಬಗೆಯೂ ಇದೆ.

ಹೊಸಬರಿಗೆ ನಾನು ಹೇಳುವುದು ಒಂದೇ ಬಗೆ: 20 ನಿಮಿಷ, ಒಂದು ದೋಣಿಗೆ ಎರಡೇ ಬ್ಯಾಟರಿ, ನಡುವೆ ಒಮ್ಮೆ ದಡಕ್ಕೆ ಬಂದು ಬದಲಾಯಿಸುವುದು. ಎಷ್ಟು ಬ್ಯಾಟರಿ ಬೇಕಾದರೂ ಹಾಕಿಕೊಳ್ಳಿ ಎಂದುಬಿಟ್ಟರೆ ಜಾಸ್ತಿ ದುಡ್ಡು ಸುರಿದವರು ಗೆಲ್ಲುತ್ತಾರೆ. ಎರಡೇ ಎಂದರೆ ಎಲ್ಲರೂ ಲೆಕ್ಕ ಹಾಕಲೇಬೇಕು.

ಜಾಗ ಮತ್ತು ದಾರಿ

ಹಲಸೂರು ಕೆರೆಯನ್ನೋ ಸ್ಯಾಂಕಿ ಕೆರೆಯನ್ನೋ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಊರೊಳಗಿನ ಕೆರೆಗೆ ಅನುಮತಿ ಇಲ್ಲದೆ ಇಳಿಯಬೇಡಿ. ಅಂತರಗಂಗೆ, ಜೊಂಡು ಇರುವ ನೀರಿನಲ್ಲಂತೂ ದೋಣಿಯನ್ನು ತಳ್ಳುವ ಪ್ರಾಪ್‌ಗೆ (ಪ್ರೊಪೆಲರ್) ಬೇರು ಸುತ್ತಿಕೊಂಡು ಎರಡೇ ಸುತ್ತಿಗೆ ಮೋಟರ್ ಬಿಸಿಯಾಗುತ್ತದೆ. ಊರಾಚೆಯ ಹೊಂಡವೇ ವಾಸಿ. ಒಂದು ಎಚ್ಚರ: ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದ ಅಂಚು ವಿಪರೀತ ಜಾರುತ್ತದೆ. ಒಳಗೆ ಬಿದ್ದರೆ ಈಜು ಬಂದರೂ ಹತ್ತುವುದು ಕಷ್ಟ. ದಡದಲ್ಲಿ ಹಗ್ಗ, ಟ್ಯೂಬ್, ಲೈಫ್ ಜಾಕೆಟ್ ಇಲ್ಲದಿದ್ದರೆ ಓಟ ಬೇಡವೇ ಬೇಡ. ನಿಂತ ದೋಣಿಯನ್ನು ತರಲು ಮೀನು ಹಿಡಿಯುವ ರಾಡಿನ ದಾರಕ್ಕೆ ಟೆನಿಸ್ ಚೆಂಡು ಕಟ್ಟಿ ಆಚೆಗೆ ಎಸೆದು ಎಳೆಯಿರಿ, ಯಾರೂ ನೀರಿಗಿಳಿಯುವ ಅಗತ್ಯವಿಲ್ಲ.

ಖಾಲಿ ಬಾಟಲಿಗಳಿಗೆ ಕಲ್ಲು ಕಟ್ಟಿ ನಾಲ್ಕು ಕಡೆ ತೇಲಿಬಿಟ್ಟರೆ ದಾರಿ ಸಿದ್ಧ. ಎಲ್ಲರೂ ಗಡಿಯಾರದ ದಿಕ್ಕಿನಲ್ಲೇ ಸುತ್ತಬೇಕು. ಬೆಳಗ್ಗೆ ಒಂಬತ್ತರೊಳಗೆ ಮುಗಿಸಿ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕಡೆ ಗಾಳಿ ಜೋರು, ಆಗ ಸುಮ್ನೆ ದೋಣಿ ಮಗುಚಿಸಿಕೊಳ್ಳಬೇಡಿ.

ಬ್ಯಾಟರಿ ಲೆಕ್ಕ: ಎಲ್ಲರೂ ಎಡವುವುದು ಇಲ್ಲೇ

ನಿಮ್ಮ ಹತ್ತಿರ 5000 ಎಂಎಎಚ್‌ನ ಎರಡು ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಇವೆ ಎಂದುಕೊಳ್ಳಿ. ಎಂಎಎಚ್ ಎಂದರೆ ಬ್ಯಾಟರಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಎಂಬುದರ ಅಳತೆ. ಅದರಲ್ಲಿ 80 ಪ್ರತಿಶತ ಮಾತ್ರ ಬಳಸಬೇಕು, ಅಂದರೆ ಒಂದರಲ್ಲಿ 4000. ಪೂರ್ತಿ ಹಿಂಡಿದರೆ ಬ್ಯಾಟರಿ ಊದಿಕೊಳ್ಳುತ್ತದೆ, ಊದಿದ ಬ್ಯಾಟರಿಯನ್ನು ಮತ್ತೆ ಬಳಸುವಂತಿಲ್ಲ. ಬದಲಾಯಿಸಲು ಎರಡು ನಿಮಿಷ ಬಿಟ್ಟರೆ ಓಡಲು ಉಳಿಯುವುದು 18 ನಿಮಿಷ, ಒಂದು ಬ್ಯಾಟರಿಗೆ ಒಂಬತ್ತು. 4000ವನ್ನು ಒಂಬತ್ತರಿಂದ ಭಾಗಿಸಿ. ನಿಮಿಷಕ್ಕೆ ಸುಮಾರು 440 ಎಂಎಎಚ್. ಇದು ನಿಮ್ಮ ಖರ್ಚಿನ ಮಿತಿ. ಈ ಅಂಕಿಯನ್ನು ರಿಮೋಟ್ ಮೇಲೆ ಬರೆದು ಅಂಟಿಸಿಕೊಳ್ಳಿ.

ಈಗ ನಿಮ್ಮ ದೋಣಿ ನಿಜಕ್ಕೂ ಎಷ್ಟು ಕುಡಿಯುತ್ತದೆ ಎಂದು ನೋಡಬೇಕು. ಬ್ಯಾಟರಿಯನ್ನು ಅದರೊಳಗಿನ ಒಂದೊಂದು ಸೆಲ್‌ಗೂ 4.2 ವೋಲ್ಟ್ ಬರುವವರೆಗೆ ಪೂರ್ತಿ ಚಾರ್ಜ್ ಮಾಡಿ. ನೀರಿಗೆ ಬಿಟ್ಟು ಸರಿಯಾಗಿ ಮೂರು ನಿಮಿಷ, ಓಟದ ದಿನ ಓಡಿಸುವ ಹಾಗೇ, ತಿರುವುಗಳನ್ನೂ ಸೇರಿಸಿ ಓಡಿಸಿ. ದಡಕ್ಕೆ ತಂದು ಮತ್ತೆ ಪೂರ್ತಿ ಚಾರ್ಜ್ ಮಾಡಿ. ಚಾರ್ಜರ್ ಎಷ್ಟು ಎಂಎಎಚ್ ತುಂಬಿತೆಂದು ಪರದೆಯ ಮೇಲೆ ಬರುತ್ತದೆ. ದೋಣಿ ತಿಂದದ್ದು ಹೆಚ್ಚುಕಡಿಮೆ ಅಷ್ಟೇ. ಅರ್ಧ ಚಾರ್ಜ್ ಆದ ಬ್ಯಾಟರಿಯಿಂದ ಶುರು ಮಾಡಿದರೆ ಈ ಪರೀಕ್ಷೆ ದಂಡ. ನೇರವಾಗಿ ಮಾತ್ರ ಓಡಿಸಿ ಅಳೆದರೂ ಮೋಸ ಹೋಗುತ್ತೀರಿ.

ಪರದೆಯ ಮೇಲೆ 1800 ಬಂತು ಎನ್ನಿ. ನಿಮಿಷಕ್ಕೆ 600. ಹೀಗೇ ಓಡಿದರೆ ಆರೂವರೆ ನಿಮಿಷ ದಾಟುವಷ್ಟರಲ್ಲಿ 4000 ಮುಗಿಯುತ್ತದೆ. ಆಗ ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಇನ್ನೂ ದೊಡ್ಡ ಬ್ಯಾಟರಿ ಕೊಳ್ಳುವುದು. ಬೇಡ. ತೂಕ ಜಾಸ್ತಿಯಾಗಿ ದೋಣಿ ನೀರಿನಲ್ಲಿ ಕೆಳಗೆ ಕೂರುತ್ತದೆ, ಖರ್ಚೂ ಏರುತ್ತದೆ. ಬದಲಿಗೆ ಪ್ರಾಪ್ ಚಿಕ್ಕದು ಮಾಡಿ. ಒಂದೇ ವೇಗದಲ್ಲಿ ತಿರುಗುವಾಗ ಪ್ರಾಪ್‌ಗೆ ಬೇಕಾಗುವ ಶಕ್ತಿ ಅದರ ವ್ಯಾಸದ ಐದನೇ ಘಾತದಂತೆ ಏರುತ್ತದೆ. ಹಾಗಾಗಿ 42 ಮಿಲಿಮೀಟರ್ ತೆಗೆದು 40 ಹಾಕಿದರೆ, ಬರೀ ಎರಡು ಮಿಲಿಮೀಟರಿಗೆ, ಲೆಕ್ಕದ ಪ್ರಕಾರ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಉಳಿತಾಯ. ಹೊರೆ ಇಳಿದ ಮೋಟರ್ ಸ್ವಲ್ಪ ಜೋರಾಗಿ ತಿರುಗುವುದರಿಂದ ನೀರಿನಲ್ಲಿ ಪೂರ್ತಿ ಅಷ್ಟು ಸಿಗುವುದಿಲ್ಲ. ಆದ್ದರಿಂದ 40 ಹಾಕಿ ಮತ್ತೆ ಮೂರು ನಿಮಿಷ ಓಡಿಸಿ, ಮತ್ತೆ ಚಾರ್ಜ್ ಮಾಡಿ ನೋಡಿ. ಸಾಲದಿದ್ದರೆ 38. ಪ್ರತಿ ಸಲ ಒಂದೇ ಬದಲಾವಣೆ ಮಾಡಿ, ಬರೆದಿಡಿ. ಆಮೇಲೂ ಸ್ವಲ್ಪ ಜಾಸ್ತಿ ಬರುತ್ತಿದ್ದರೆ ತಿರುವಿನಲ್ಲಿ ಥ್ರಾಟಲ್ ಬಿಡುವುದನ್ನು ಅಭ್ಯಾಸ ಮಾಡಿ, ಸುತ್ತಿನ ಸಮಯ ಹೆಚ್ಚೇನೂ ಕೆಡುವುದಿಲ್ಲ.

ಬ್ಯಾಟರಿಯ ಮೇಲಿನ ಬರಹವನ್ನು ನಂಬಬೇಡಿ. ಅಂಗಡಿಯೊಂದರಲ್ಲಿ ನಾನು ಅಗ್ಗವೆಂದು ತಂದ 5000ದ ಬ್ಯಾಟರಿಯಲ್ಲಿ ನಿಜಕ್ಕೂ ಇದ್ದದ್ದು 3600. ಇಡೀ ಲೆಕ್ಕ ತಲೆಕೆಳಗಾಯಿತು. ಎಸ್.ಪಿ. ರಸ್ತೆಯಲ್ಲಿ ವೈರು, ಕನೆಕ್ಟರ್, ಹೀಟ್ ಶ್ರಿಂಕ್ ಧಾರಾಳವಾಗಿ ತನ್ನಿ. ಬ್ಯಾಟರಿಯನ್ನು ಮಾತ್ರ ಅಳೆದು ನೋಡದೆ ಓಟಕ್ಕೆ ಹಾಕಬೇಡಿ.

ಕೊನೆಯದಾಗಿ, ರಿಮೋಟ್‌ನ ಟೈಮರನ್ನು ಎಂಟೂವರೆ ನಿಮಿಷಕ್ಕೆ ಇಡಿ. ಬ್ಯಾಟರಿ ಇಳಿದಾಗ ಮೋಟರಿನ ವೇಗ ನಿಯಂತ್ರಿಸುವ ಸ್ಪೀಡ್ ಕಂಟ್ರೋಲರ್ ತಾನೇ ನಿಲ್ಲಿಸುತ್ತದೆ ಅಲ್ವಾ ಎಂದು ಕೇಳುವವರಿದ್ದಾರೆ. ನಿಲ್ಲಿಸುತ್ತದೆ, ಹೊಂಡದ ನಡುವೆ ನಿಲ್ಲಿಸುತ್ತದೆ.

ದಡದಲ್ಲಿ ಎರಡು ನಿಮಿಷ

ಮುಚ್ಚಳದ ಟೇಪ್ ಕಿತ್ತು, ಬ್ಯಾಟರಿ ಬದಲಾಯಿಸಿ, ಮತ್ತೆ ಟೇಪ್ ಹಾಕಬೇಕು. ಒದ್ದೆ ಮೈಗೆ ಯಾವ ಟೇಪೂ ಅಂಟುವುದಿಲ್ಲ, ಪಾರ್ಸೆಲ್‌ಗೆ ಹಾಕುವ ಕಂದು ಟೇಪ್ ಅಂತೂ ಒಂದೇ ಸುತ್ತಿಗೆ ಏಳುತ್ತದೆ. ಹಳೇ ಪಂಚೆಯ ತುಂಡಿನಿಂದ ಅಂಚನ್ನು ಚೆನ್ನಾಗಿ ಒರೆಸಿ. ಟೇಪನ್ನು ಮೊದಲೇ ಅಳತೆಗೆ ಕತ್ತರಿಸಿ ಮೇಜಿನ ಅಂಚಿಗೆ ಅಂಟಿಸಿಟ್ಟಿರಿ. ಮತ್ತೆ ನೀರಿಗೆ ಬಿಟ್ಟಾಗ ಮೋಟರನ್ನು ತಂಪಾಗಿಡುವ ಕೂಲಿಂಗ್ ಕೊಳವೆಯಿಂದ ನೀರು ಚಿಮ್ಮುತ್ತಿದೆಯೇ ನೋಡಿ. ಚಿಮ್ಮದಿದ್ದರೆ ಪಾಚಿ ಕಟ್ಟಿಕೊಂಡಿದೆ ಎಂದರ್ಥ, ಸಿರಿಂಜಿನಿಂದ ಒತ್ತಿ ಬಿಡಿಸಿ. ಹೊಟ್ಟೆಯೊಳಗೆ ಫೋಮ್ ತುರುಕಿರಲಿ, ನೀರು ತುಂಬಿದರೂ ದೋಣಿ ಮುಳುಗಬಾರದು.

ಸುತ್ತು ಎಣಿಸುವುದು

ಒಂದು ದೋಣಿಗೆ ಇಬ್ಬರು, ಒಬ್ಬರು ಕೂಗಬೇಕು, ಒಬ್ಬರು ಗೆರೆ ಹಾಕಬೇಕು. ತಮ್ಮ ತಂಡದ ದೋಣಿಯನ್ನು ಯಾರೂ ಎಣಿಸಬಾರದು. 20 ನಿಮಿಷಕ್ಕೆ ಸೀಟಿ ಊದಿದಾಗ ಓಡುತ್ತಿರುವ ಸುತ್ತನ್ನು ಮುಗಿಸಬಹುದೇ ಇಲ್ಲವೇ ಎಂಬುದನ್ನು ಶುರುವಿಗೆ ಮೊದಲೇ ಎಲ್ಲರೆದುರು ಹೇಳಿಬಿಡಿ. ನಮ್ಮಲ್ಲಿ ಮುಗಿಸಬಹುದು. ನಿಂತ ದೋಣಿ ಓಟ ಮುಗಿಯುವವರೆಗೆ ಅಲ್ಲೇ ಇರಬೇಕು, ಉಳಿದವರು ಅದಕ್ಕೆ ತಾಗದಂತೆ ಪಕ್ಕದಿಂದ ಹೋಗಬೇಕು.

ಎಲ್ಲ ಮುಗಿದ ಮೇಲೆ ಮೋಟರಿನಿಂದ ಪ್ರಾಪ್‌ಗೆ ಹೋಗುವ ಬಾಗುವ ಸರಳನ್ನು (ಫ್ಲೆಕ್ಸ್ ಶಾಫ್ಟ್) ಹೊರಗೆಳೆದು ಒರೆಸಿ ಗ್ರೀಸ್ ಹಚ್ಚಿ. ಬ್ಯಾಟರಿಗಳನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ಬಿಸಿ ಆರಿದ ಮೇಲೆ ಒಂದು ಸೆಲ್‌ಗೆ 3.8 ವೋಲ್ಟಿನ ಹತ್ತಿರಕ್ಕೆ ತಂದು ಎತ್ತಿಡಿ.